ಎಲುಬು ಕಟ್ಟುವ ಹುಲಿಗೆವ್ವ

ಬಹಳ ಹಿಂದೆ, ಮರಗಳಿಗೂ ಕಿವಿ ಕೇಳುತ್ತಿದ್ದ ಕಾಲದಲ್ಲಿ, ಏಳು ಹೊಳೆಗಳ ನಡುವೆ ಹೊಂಬಾಳೆ ಎಂಬ ರಾಜ್ಯವಿತ್ತು. ರಾಜ್ಯಕ್ಕೊಬ್ಬ ಅರಸ, ಅರಸನಿಗೊಂದು ಕೋಟೆ, ಕೋಟೆಯ ಬಡಗಣ ಬಾಗಿಲಿಗೆ ಅಂಟಿಕೊಂಡಂತೆ ಒಂದು ಸಣ್ಣ ಮನೆ. ಆ ಮನೆಯಲ್ಲಿ ತೊಗಲುಗೊಂಬೆ ಮಾಡುವ ಬೊಮ್ಮಪ್ಪ ಮತ್ತು ಅವನ ಕಿರಿಮಗಳು ಹುಲಿಗೆವ್ವ ಇದ್ದರು. ಹಿರಿಮಗಳು ಪಂಪವ್ವನನ್ನು ಅದೇ ಊರಿನ ತೆಂಕಣ ಕೇರಿಗೆ ಕೊಟ್ಟಿದ್ದರು. ಅವಳಿಗೆ ಎಂಟು ತಿಂಗಳ ಗಂಡುಮಗು. ಕೆನ್ನೆ ಉಬ್ಬಿಸಿಕೊಂಡು ಹುಟ್ಟಿದ್ದರಿಂದ ಎಲ್ಲರೂ ಅವನನ್ನು ಗುಂಡ ಎನ್ನುತ್ತಿದ್ದರು.

ಬೊಮ್ಮಪ್ಪನ ಕಣ್ಣು ಮಂಜಾಗಿ ಎರಡು ವರ್ಷವಾಗಿತ್ತು. ಅವನ ಕೈಗೆ ಮಾತ್ರ ಏನೂ ಆಗಿರಲಿಲ್ಲ. ಜಿಂಕೆಯ ತೊಗಲನ್ನು ನೆನೆಹಾಕಿ, ಬೆಳಕು ತೂರುವಷ್ಟು ತೆಳ್ಳಗೆ ಕೆರೆದು ಒಣಗಿಸುವುದು ಅವನ ಕೆಲಸ. ಗೆರೆ ಎಳೆದು ಬಣ್ಣ ತುಂಬುವುದು ಹುಲಿಗೆವ್ವನ ಕೆಲಸ. ಕೊನೆಗೆ ತೊಗಲಿನ ಬೆನ್ನಿಗೆ ಬಿದಿರ ಕಡ್ಡಿಗಳನ್ನು ಕಟ್ಟಬೇಕು, ಆಗಲೇ ಗೊಂಬೆ ಕುಣಿಯುವುದು. ಆ ಕಡ್ಡಿಗಳಿಗೆ ಅವರ ಮನೆಯಲ್ಲಿ ಎಲುಬು ಎಂದು ಹೆಸರು.

ಅಪ್ಪ ಮಗಳ ಜಗಳವೆಲ್ಲ ಈ ಎಲುಬಿನದೇ.

"ಕೀಲು ಕೀಲಿಗೆ ಕೊಯ್ಯಿ. ಒಂದೊಂದು ತುಂಡಿಗೆ ಒಂದೊಂದು ಎಲುಬು. ತುಂಡಿಗೂ ತುಂಡಿಗೂ ಮಧ್ಯೆ ಒಂದು ಗಂಟು. ನಮ್ಮಪ್ಪ ಹಾಗೇ ಮಾಡಿದ, ನಾನೂ ಹಾಗೇ ಮಾಡಿದೆ," ಎನ್ನುವನು ಬೊಮ್ಮಪ್ಪ.

"ಹಾಗೆ ಮಾಡಿದ್ದಕ್ಕೇ ನಿನ್ನ ನವಿಲು ಕತ್ತು ತಿರುಗಿಸಿದರೆ ಬಾಗಿಲು ತೆಗೆದ ಹಾಗೆ ಕಾಣೋದು," ಎನ್ನುವಳು ಹುಲಿಗೆವ್ವ. "ತೊಗಲನ್ನು ಇಡಿಯಾಗಿ ಬಿಡಬೇಕಪ್ಪ. ಹಿಂದೆ ಸಣ್ಣ ಬಿದಿರ ಸೀಳುಗಳನ್ನು ಅಂಟಿಸಿದರೆ ತಾನೇ ಬಾಗ್ತದೆ."

"ಬಾಗ್ತದೆ, ಆಮೇಲೆ ಹರೀತದೆ."

"ನಿನ್ನ ಗಂಟು ಹರಿಯಲ್ವಾ?"

ಹೀಗೆ ಮಾತಿಗೆ ಮಾತು ಬೆಳೆದು, ಇಬ್ಬರಿಗೂ ಹಸಿವಾಗಿ, ಒಂದೇ ತಟ್ಟೆಯಲ್ಲಿ ಉಂಡು ಮಲಗುತ್ತಿದ್ದರು.

ಒಂದು ಸಲ ಇಬ್ಬರೂ ಬಿದಿರು ತರಲು ಕಾಡಿಗೆ ಹೋದರು. ಹೋಗಿ ಬರಲು ನಾಲ್ಕು ದಿನ. ನಾಲ್ಕನೆಯ ದಿನ ಬಿಸಿಲೇರುವ ಹೊತ್ತಿಗೆ ಬಿದಿರ ಹೊರೆ ಹೊತ್ತು ಕೋಟೆಯ ಬಾಗಿಲಿಗೆ ಬಂದರೆ, ಊರಿನಲ್ಲಿ ಒಂದು ಸದ್ದೂ ಇಲ್ಲ. ನಾಯಿ ಬೊಗಳಲಿಲ್ಲ, ಕೋಳಿ ಕೂಗಲಿಲ್ಲ, ಒರಳಿನ ಸದ್ದೂ ಕೇಳಲಿಲ್ಲ.

"ಇದೇನು, ಊರು ಉಸಿರು ಹಿಡಿದ ಹಾಗಿದೆ?" ಎಂದ ಬೊಮ್ಮಪ್ಪ.

ಹುಲಿಗೆವ್ವ ಮುಂದೆ ನಡೆದು ನೋಡಿದಳು. ಬೀದಿಯ ಕಲ್ಲುಹಾಸಿನ ಮೇಲೆ ಹಾಲು ಮಾರುವ ಹೆಂಗಸು ಒಣಹಾಕಿದ ಬಟ್ಟೆಯ ಹಾಗೆ ಬಿದ್ದಿದ್ದಳು. ಸತ್ತಿರಲಿಲ್ಲ. ಚಪ್ಪಟೆಯಾಗಿದ್ದಳು. ಮೂಗು, ಕಿವಿ, ಕಾಲುಂಗುರ, ಎಲ್ಲವೂ ಇದ್ದವು. ದಪ್ಪ ಮಾತ್ರ ಇರಲಿಲ್ಲ. ಅವಳ ಎಮ್ಮೆಯೂ ಪಕ್ಕದಲ್ಲೇ ಚಪ್ಪಟೆಯಾಗಿ ಬಿದ್ದಿತ್ತು. ಹುಲಿಗೆವ್ವ ಬಾಗಿ ನೋಡಿದಾಗ ಹೆಂಗಸಿನ ಚಿತ್ರ ತುಟಿ ಅಲುಗಿಸದೆ, ಎಲೆ ಸರಿದಾಡಿದಂಥ ದನಿಯಲ್ಲಿ ಹೇಳಿತು: "ಬೊಮ್ಮಪ್ಪನ ಮಗಳಾ? ಓಡಿಹೋಗವ್ವ. ಸುರುಳಿಸಿದ್ಧ ಬಂದಿದ್ದಾನೆ."

ಸುರುಳಿಸಿದ್ಧನ ಹೆಸರು ಏಳು ಹೊಳೆಗಳ ಈಚೆಗೂ ಆಚೆಗೂ ಗೊತ್ತಿತ್ತು. ಅವನು ರಾಜ್ಯಗಳನ್ನು ಗೆಲ್ಲುತ್ತಿರಲಿಲ್ಲ, ಸುತ್ತಿಕೊಂಡು ಹೋಗುತ್ತಿದ್ದ. ಅವನಿಗೆ ಗದ್ದಲ ಆಗದು. ಒಂದೂರಿಗೆ ಬಂದು ಬೆತ್ತ ಬೀಸಿದರೆ ಅಲ್ಲಿ ಉಸಿರಾಡುವ ಜೀವಗಳ ಎಲುಬೆಲ್ಲ ಕರಗಿಹೋಗಿ ಜೀವಗಳು ಚಿತ್ರಗಳಾಗುತ್ತಿದ್ದವು. ಆ ಚಿತ್ರಗಳನ್ನು ಒಂದರ ಮೇಲೊಂದು ಹಾಸಿ, ಚಾಪೆ ಸುತ್ತಿದ ಹಾಗೆ ಸುತ್ತಿ, ಹೆಗಲಿಗೇರಿಸಿ ಹೊರಟುಬಿಡುತ್ತಿದ್ದ.

ಅಪ್ಪ ಮಗಳು ಓಡಲಿಲ್ಲ. ಪಂಪವ್ವ ಎಲ್ಲಿ, ಗುಂಡ ಎಲ್ಲಿ ಎಂದು ಹುಡುಕುತ್ತಾ ಅರಮನೆಯ ಅಂಗಳಕ್ಕೆ ಬಂದರು. ಅಲ್ಲಿ ಹುಣಸೆಮರದ ನೆರಳಿನಲ್ಲಿ ಬಿಳಿಗಡ್ಡದ ಒಬ್ಬ ಸಣಕಲು ಮುದುಕ ಮೊಣಕಾಲೂರಿ ಕೂತು ಊರನ್ನು ಸುತ್ತುತ್ತಿದ್ದ. ಪಕ್ಕದಲ್ಲಿ ಬೇರೆ ಬೇರೆ ಊರುಗಳ ನಾಲ್ಕು ಸುರುಳಿಗಳು ಆಗಲೇ ಇದ್ದವು. ಅರಸನ ಕಿರೀಟದ ತುದಿ ಐದನೆಯ ಸುರುಳಿಯ ಅಂಚಿನಲ್ಲಿ ಕಾಣುತ್ತಿತ್ತು.

"ಓಹೋ, ಇಬ್ಬರು ಉಳಿದಿದ್ದೀರಾ?" ಎಂದ ಸುರುಳಿಸಿದ್ಧ, ಸಿಟ್ಟಿಲ್ಲದೆ. "ಕೂತ್ಕೊಳ್ಳಿ. ಇದೊಂದು ಅಂಚು ಸರಿಮಾಡಿ ನಿಮ್ಮ ಕಡೆ ಬರ್ತೀನಿ."

ಹುಲಿಗೆವ್ವನ ಕಣ್ಣು ಸುರುಳಿಯನ್ನೇ ನೋಡುತ್ತಿತ್ತು. ಒಳ್ಳೆ ಹದದ ತೊಗಲು, ತೆಳ್ಳಗೆ, ಬೆಳಕು ತೂರುವಂತೆ. ಇಷ್ಟು ವರ್ಷ ಅವಳ ಮುಂದೆ ದಿನವೂ ಹಾಸಿರುತ್ತಿದ್ದುದು ಇದೇ ಅಲ್ಲವೇ?

"ಸ್ವಾಮಿ, ಇವರನ್ನು ನಾನು ಎಬ್ಬಿಸಬಲ್ಲೆ," ಎಂದಳು.

ಮುದುಕ ಸುತ್ತುವುದನ್ನು ನಿಲ್ಲಿಸಿದ. "ನಾನು ತೆಗೆದ ಎಲುಬನ್ನು ಯಾರೂ ಮತ್ತೆ ಹಾಕಿಲ್ಲ, ಹುಡುಗಿ."

"ನಾವು ಹಾಕೋದು ಬಿದಿರಿನದು. ಚಪ್ಪಟೆ ಇದ್ದದ್ದನ್ನು ನಡೆಸೋದೇ ನಮ್ಮ ಮನೆ ಕಸುಬು."

ಸುರುಳಿಸಿದ್ಧನಿಗೆ ನಗು ಬಂತು. ನಕ್ಕು ಬಹಳ ಕಾಲವಾಗಿತ್ತೇನೋ, ಆ ನಗು ಕೆಮ್ಮಾಗಿ ಮುಗಿಯಿತು. "ಸರಿ. ಈ ಸುರುಳಿಗಳಿಂದ ನಾನು ಮೂರು ತೊಗಲು ಆರಿಸಿ ಕೊಡ್ತೀನಿ. ಒಂದೊಂದೂ ತಾನಾಗಿ ಎದ್ದು, ಅರಮನೆ ಹೊಸ್ತಿಲು ದಾಟಿ, ತಿರುಗಿ ಬರಬೇಕು. ಮೂರೂ ಬಂದರೆ ಸುತ್ತಿದ್ದನ್ನೆಲ್ಲ ಬಿಚ್ಚಿಬಿಡ್ತೀನಿ. ನೀವು ಬೇಕೆಂದು ಕೊಯ್ದದ್ದು ಲೆಕ್ಕಕ್ಕಿಲ್ಲ, ಆದರೆ ಒಂದರಲ್ಲಿ ಉಗುರಿನಷ್ಟು ತಾನಾಗಿ ಹರಿದರೂ ನೀವಿಬ್ಬರೂ ಈ ಸುರುಳಿಯ ಮೇಲಿನ ಪದರ."

"ಬೆತ್ತದ ಮೇಲೆ ಆಣೆ ಇಡು," ಎಂದ ಬೊಮ್ಮಪ್ಪ. ಬೆತ್ತದ ಮೇಲಿಟ್ಟ ಆಣೆಯನ್ನು ಮಾಂತ್ರಿಕರು ಮೀರಲಾರರು. ಮೀರಿದರೆ ಬೆತ್ತವೇ ಸುಮ್ಮನಾಗಿಬಿಡುತ್ತದೆ. ಮುದುಕ ಆಣೆ ಇಟ್ಟ.

ಮೊದಲನೆಯದಾಗಿ ಅವನು ಎಳೆದು ಹಾಕಿದ್ದು ಕೋಟೆಯ ಕಾವಲುಗಾರ ಮುದ್ದನಾಯಕನನ್ನು. ತಲೆಯಿಂದ ಕಾಲಿನವರೆಗೆ ಕಬ್ಬಿಣದ ಕವಚ ತೊಟ್ಟ ಆಳು. ಕವಚದ ಸಮೇತ ಚಿತ್ರವಾಗಿದ್ದ.

ಹುಲಿಗೆವ್ವ ಬಿದಿರು ಸೀಳಿದಳು, ಹುಣಸೆಬೀಜ ಅರೆದು ಅಂಟು ಕಾಯಿಸಿದಳು. ಅಪ್ಪನನ್ನು ಕೇಳಲಿಲ್ಲ. ತನ್ನ ಮನಸ್ಸಿನಲ್ಲಿದ್ದಂತೆಯೇ ಮುದ್ದನಾಯಕನ ಬಲತೋಳಿನ ಬೆನ್ನಿಗೆ, ತೊಗಲನ್ನು ಕೊಯ್ಯದೆ, ಸಣ್ಣ ಸೀಳುಗಳನ್ನು ಸಾಲಾಗಿ ಅಂಟಿಸಿದಳು. ಒಣಗಿದ ಮೇಲೆ, "ಅಣ್ಣ, ತೋಳು ಮೆಲ್ಲಗೆ ಎತ್ತು," ಎಂದಳು.

ತೋಳು ಎದ್ದಿತು. ಆದರೆ ಕಬ್ಬಿಣದ ಮೊಣಕೈ ಹಸಿ ಬಳ್ಳಿಯ ಹಾಗೆ ಬಾಗಿತು. ಕವಚದ ಹಲಗೆಗಳು ಸುಕ್ಕಾದವು, ಬಣ್ಣ ಚಕ್ಕೆ ಚಕ್ಕೆಯಾಗಿ ಉದುರಿತು. ಮುದ್ದನಾಯಕ ಹಲ್ಲು ಕಚ್ಚಿದ ದನಿಯಲ್ಲಿ ನರಳಿದ.

"ನಿಲ್ಲಿಸು!" ಎಂದ ಬೊಮ್ಮಪ್ಪ. ಅವನಿಗೆ ಕಾಣದಿದ್ದರೂ ಆ ಸದ್ದು ಕೇಳಿತ್ತು. "ಬಾಗಬಾರದ್ದು ಬಾಗ್ತಿದೆ. ಯಾರನ್ನ ಹಾಕಿದಾನೆ ಅವನು?"

"ಮುದ್ದನಾಯಕನನ್ನ. ಕವಚ ತೊಟ್ಟಿದಾನೆ."

"ಕಬ್ಬಿಣ ಬಾಗಲ್ಲ ಮಗಳೇ. ಕೀಲಲ್ಲಿ ತಿರುಗ್ತದೆ, ಅಷ್ಟೇ. ಇವನಿಗೆ ನನ್ನ ಕಟ್ಟೇ ಆಗಬೇಕು."

ಹುಲಿಗೆವ್ವ ಅಂಟನ್ನು ಒದ್ದೆ ಬಟ್ಟೆಯಿಂದ ಬಿಡಿಸಿದಳು. ಉಳಿ ಕೈಗೆತ್ತಿಕೊಂಡಳು. ಆದರೆ ಉಳಿ ಕೆಳಗಿಳಿಯಲಿಲ್ಲ. ಇಷ್ಟು ದಿನ ಅವಳು ಕೊಯ್ದದ್ದು ಜಿಂಕೆಯ ತೊಗಲು. ಇವನು ದಿನವೂ ಬೆಳಿಗ್ಗೆ ಬಾಗಿಲು ತೆರೆದು, "ಹುಲಿಗೀ, ಗೊಂಬೆಗಳೆಲ್ಲ ಎದ್ವಾ?" ಎಂದು ಕೂಗುತ್ತಿದ್ದ ಮನುಷ್ಯ.

"ಕೊಯ್ಯಿ ತಂಗಿ," ಎಂದ ಮುದ್ದನಾಯಕ. "ಹೀಗೆ ಬಿದ್ದುಕೊಂಡಿರೋದಕ್ಕಿಂತ ದೊಡ್ಡ ನೋವು ಯಾವುದಿದೆ?"

ಅವಳು ಕವಚದ ಹಲಗೆಗಳು ಕೂಡುವ ಗೆರೆಯಲ್ಲೇ ಉಳಿ ಇಟ್ಟಳು. ರಕ್ತ ಬರಲಿಲ್ಲ. ಭುಜ, ಮೊಣಕೈ, ಮುಂಗೈ, ಸೊಂಟ, ತೊಡೆ, ಮೊಣಕಾಲು, ಪಾದ. ಒಂದೊಂದು ತುಂಡಿನ ಬೆನ್ನಿಗೂ ಒಂದೊಂದೇ ಗಟ್ಟಿ ಎಲುಬು ಕಟ್ಟಿದಳು. ತುಂಡಿನ ಅಂಚನ್ನು ತುಂಡಿನ ಮೇಲೆ ಕೂರಿಸಿ, ತೂತು ಹಾಕಿ, ನಾರಿನ ದಾರ ಪೋಣಿಸಿ ಅಪ್ಪನ ಕೈಗೆ ಕೊಟ್ಟಳು. ಬೊಮ್ಮಪ್ಪ ಬೆರಳಲ್ಲೇ ತಡವಿ ಗಂಟು ಹಾಕಿದ. ಒಂದೊಂದರಲ್ಲೂ ಎಳ್ಳುಕಾಳಿನಷ್ಟು ಸಡಿಲ ಬಿಟ್ಟ.

ಸಂಜೆ ಬಿಸಿಲು ಹಳದಿಯಾಗುವ ಹೊತ್ತಿಗೆ ಮುದ್ದನಾಯಕ ಎದ್ದು ನಿಂತ. ಖಣ್ ಖಣ್ ಎಂದು ಹೆಜ್ಜೆ ಹಾಕಿ ಹೊಸ್ತಿಲು ದಾಟಿದ, ತಿರುಗಿ ಬಂದ, ಅಭ್ಯಾಸಬಲದಿಂದ ಬಾಗಿಲ ಪಕ್ಕದಲ್ಲಿ ಕಾವಲಿಗೆ ನಿಂತುಬಿಟ್ಟ.

ಬೊಮ್ಮಪ್ಪನ ಮೀಸೆ ಸ್ವಲ್ಪ ಮೇಲೆದ್ದಿದ್ದು ಮಗಳಿಗೆ ಕಂಡಿತು.

"ಒಂದು," ಎಂದ ಸುರುಳಿಸಿದ್ಧ.

ಮರುದಿನ ಅವನು ಇನ್ನೊಂದು ಸುರುಳಿ ಬಿಚ್ಚಿ ಎರಡನೆಯ ತೊಗಲು ಹಾಕಿದ. ಅದು ಈ ಊರಿನದಲ್ಲ. ಯಾವುದೋ ದೂರದ ಹೊಳೆಯ ಹಾವು, ಬಂಡಿಯ ಗಾಲಿಯಷ್ಟು ಅಗಲವಾಗಿ ಸುತ್ತಿಕೊಂಡು ಚಪ್ಪಟೆಯಾಗಿತ್ತು. ಮೈಮೇಲೆ ಹಸಿರು, ನೀಲಿ, ಹೊನ್ನಿನ ಬಣ್ಣದ ಹುರುಪೆಗಳು.

ಬೊಮ್ಮಪ್ಪ ಬೆರಳಾಡಿಸಿ ನೋಡಿದ. ಕೀಲು ಸಿಗಲಿಲ್ಲ. ತಲೆಯಿಂದ ಬಾಲದವರೆಗೆ ಎಲ್ಲಿ ಮುಟ್ಟಿದರೂ ಒಂದೇ ನುಣುಪು.

"ಎಲ್ಲಿ ಕೊಯ್ತೀಯಪ್ಪ?" ಎಂದಳು ಹುಲಿಗೆವ್ವ.

ಬೊಮ್ಮಪ್ಪ ಇನ್ನೊಮ್ಮೆ ಉದ್ದಕ್ಕೂ ತಡವಿ ನೋಡಿದ. "ಕೊಯ್ಯೋ ಜಾಗ ಇಲ್ಲ," ಎಂದ. "ನಿನ್ನ ಕಟ್ಟು ಕಟ್ಟು."

ಅಷ್ಟು ಹೇಳಿಸಿಕೊಳ್ಳಲು ಹುಲಿಗೆವ್ವ ಎರಡು ವರ್ಷ ಕಾದಿದ್ದಳು. ಉಮೇದಿನಲ್ಲಿ ಬೆರಳುದ್ದದ ಎಂಬತ್ತು ಸೀಳುಗಳನ್ನು ಮಾಡಿದಳು. ಹಾವು ಸುತ್ತಿಕೊಂಡು ಬಿದ್ದಿದ್ದ ಹಾಗೆಯೇ ಅದರ ಬೆನ್ನಿನ ಉದ್ದಕ್ಕೂ ಅಂಟು ಸುರಿದು ಸೀಳುಗಳನ್ನು ಕೂರಿಸಿದಳು. ಮಧ್ಯಾಹ್ನದೊಳಗೆ ಕೆಲಸ ಮುಗಿಯಿತು.

"ಹಾವೇ, ತಲೆ ಎತ್ತು."

ಹಾವು ತಲೆ ಎತ್ತಿತು. ಪಕ್ಕದ ಸುತ್ತಿನಲ್ಲಿದ್ದ ಬಾಲವೂ ತಲೆಯ ಜೊತೆಗೇ ಎದ್ದಿತು. ತೊಗಲು ಕಿರ್ ಎಂದಿತು. ಕತ್ತಿನ ಹತ್ತಿರ ಕೂದಲೆಳೆಯಂಥ ಒಂದು ಬಿಳಿ ಗೆರೆ ಮೂಡಿತು.

"ಹೆಣ್ಣೇ," ಎಂದಿತು ಹಾವು, "ನನ್ನ ಬಾಲ ಯಾಕೆ ತಲೆಯ ಮಾತು ಕೇಳ್ತಿದೆ?"

ಸುರುಳಿಸಿದ್ಧ ಮರದ ನೆರಳಿನಿಂದ ಎದ್ದು ಬಂದು ಗೆರೆಯನ್ನು ಬಗ್ಗಿ ನೋಡಿದ. ಮುದುಕ ಉಗುರಿನಿಂದ ಗೆರೆಯನ್ನು ಮುಟ್ಟಿ, "ಇನ್ನೂ ಹರಿದಿಲ್ಲ," ಎಂದು ಹಿಂದಕ್ಕೆ ಹೋಗಿ ಕೂತ.

"ತಲೆ ಇಳಿಸು ತಾಯಿ, ಮೆಲ್ಲಗೆ," ಎಂದಳು ಹುಲಿಗೆವ್ವ. ನೆಲಕ್ಕೆ ಕೆನ್ನೆ ಹಚ್ಚಿ ನೋಡಿದಳು. ಅಂಟು ಒಂದು ಸುತ್ತಿನಿಂದ ಪಕ್ಕದ ಸುತ್ತಿಗೂ ಹರಿದು ಹಿಡಿದುಕೊಂಡಿತ್ತು. ತಲೆಯ ಎಲುಬು ಹತ್ತಿರ ಇದ್ದದ್ದನ್ನೆಲ್ಲ ತನ್ನದೆಂದುಕೊಂಡು ಎಳೆಯುತ್ತಿತ್ತು. ಅದಕ್ಕೆ ಬಾಲ ಯಾವುದು, ಕತ್ತು ಯಾವುದು ಎಂದು ಹೇಗೆ ಗೊತ್ತಾಗಬೇಕು?

ಅಳು ಬಂತು. ಅತ್ತು ಮುಗಿಸಿ ನೀರು ಕಾಯಿಸಿದಳು. ಬಿಸಿ ಬಟ್ಟೆ ಹಾಕಿ ಹಾಕಿ ಎಲ್ಲ ಸೀಳುಗಳನ್ನೂ ಬಿಡಿಸಿದಳು. ಆಮೇಲೆ ಅಪ್ಪ ತಲೆ ಹಿಡಿದ, ಅವಳು ಬಾಲ ಹಿಡಿದಳು, ಮುದ್ದನಾಯಕ ಕಾವಲು ಬಿಟ್ಟು ಬಂದು ನಡು ಹಿಡಿದ. ಹಾವನ್ನು ಸುತ್ತು ಬಿಡಿಸಿ ಅರಮನೆಯ ಬೀದಿಯುದ್ದಕ್ಕೂ ನೇರವಾಗಿ ಮಲಗಿಸಿದರು. ಬಾಲದಿಂದ ತಲೆಗೆ ಹೋಗಬೇಕಾದರೆ ಈಗ ನಡೆದೇ ಹೋಗಬೇಕಿತ್ತು. ಕತ್ತಿಗೆ ದಪ್ಪ ಸೀಳು, ಬಾಲಕ್ಕೆ ಹುಲ್ಲುಕಡ್ಡಿಯಂಥ ಸೀಳು. ಎಲುಬಿನ ಹತ್ತಿರ ಗಟ್ಟಿ ಅಂಟು, ಅಂಚಿಗೆ ಹೋದಂತೆ ತಿಳಿಯಾದ ಅಂಟು. ಹೀಗೆ ಎರಡು ದಿನ ಅವಳು ಮೊಣಕಾಲ ಮೇಲೆಯೇ ಬೀದಿ ಅಳೆದಳು.

ನಾಲ್ಕನೆಯ ದಿನ ಬೆಳಿಗ್ಗೆ ಹಾವು ಎದ್ದಿತು. ನೀರಿನಂತೆ ಹರಿದು ಹೊಸ್ತಿಲು ದಾಟಿತು, ತಿರುಗಿತು, ಹರಿದು ಬಂತು. ಬಿಳಿ ಗೆರೆ ಹಾಗೇ ಇತ್ತು, ಬೆಳೆದಿರಲಿಲ್ಲ.

"ಹೇಗೆ ಬಂತು?" ಎಂದು ಕೇಳಿದ ಬೊಮ್ಮಪ್ಪ.

"ಹಾವಿನ ಹಾಗೇ ಬಂತಪ್ಪ."

"ಹ್ಞೂಂ," ಎಂದ ಅವನು. ಹಾವಿನ ಬೆನ್ನು ತಡವಿ, "ಆ ನವಿಲಿನ ಕತ್ತು ನೀನೇ ಮಾಡು ಇನ್ನು," ಎಂದ.

"ಎರಡು," ಎಂದ ಸುರುಳಿಸಿದ್ಧ. ಅವನ ಮುಖದಲ್ಲಿ ಮೊದಲಿನ ನಿರಾಳ ಇರಲಿಲ್ಲ. ಮೂರನೆಯದನ್ನು ಆರಿಸಲು ಅವನು ಬಹಳ ಹೊತ್ತು ತೆಗೆದುಕೊಂಡ. ಹೊಂಬಾಳೆಯ ಸುರುಳಿಯನ್ನು ಬಿಚ್ಚಿ, ಒಂದೊಂದು ಪದರ ಎತ್ತಿ ನೋಡಿ, ಬದಿಗಿಟ್ಟು, ಕೊನೆಗೆ ನಡುವಿನಿಂದ ಒಂದನ್ನು ಹಗುರವಾಗಿ ಎಳೆದು ಹುಲಿಗೆವ್ವನ ಮುಂದೆ ಹಾಸಿದ.

ಪಂಪವ್ವ. ಸೊಂಟದ ಮೇಲೆ ಗುಂಡ. ಮಗು ತಾಯಿಗೆ ಒತ್ತಿಕೊಂಡಿದ್ದ ಗಳಿಗೆಯಲ್ಲೇ ಮಂತ್ರ ತಗುಲಿದ್ದರಿಂದ ಇಬ್ಬರೂ ಸೇರಿ ಒಂದೇ ಚಿತ್ರವಾಗಿದ್ದರು. ತಾಯಿಯ ತೋಳು ಎಲ್ಲಿ ಮುಗಿಯುತ್ತದೆ, ಮಗುವಿನ ಬೆನ್ನು ಎಲ್ಲಿ ಶುರುವಾಗುತ್ತದೆ ಎಂದು ತೋರಿಸುವ ಗೆರೆಯೇ ಇರಲಿಲ್ಲ.

"ಹುಲಿಗೀ," ಎಂದಿತು ಚಿತ್ರ. "ಅಪ್ಪ ಚೆನ್ನಾಗಿದ್ದಾನಾ?"

"ಇಲ್ಲೇ ಇದ್ದೀನಮ್ಮ," ಎಂದ ಬೊಮ್ಮಪ್ಪ. ಕೂತಿದ್ದವನು ತೆವಳಿಕೊಂಡು ಬಂದು ತೊಗಲಿನ ಅಂಚನ್ನು ಮುಟ್ಟಿದ, ಮುಟ್ಟಿದ ಕೈಯನ್ನು ಥಟ್ಟನೆ ಹಿಂದಕ್ಕೆ ತೆಗೆದ.

ಹುಲಿಗೆವ್ವನಿಗೆ ಉಳಿ ಹಿಡಿಯಲಾಗಲಿಲ್ಲ. ಕೊಯ್ದರೆ ತಾಯಿಯ ತೋಳು ಹೋಗಬಹುದು, ಇಲ್ಲ ಮಗುವಿನ ಬೆನ್ನು ಹೋಗಬಹುದು. ಅಂಟಿಸಿದರೆ ಹಾವಿನ ತಲೆ ಬಾಲವನ್ನು ಎಳೆದ ಹಾಗೆ ತಾಯಿಯ ಎಲುಬು ಮಗುವನ್ನು ಎಳೆಯುತ್ತದೆ. ಸುತ್ತು ಬಿಡಿಸೋಣವೆಂದರೆ ಇಲ್ಲಿ ಬಿಡಿಸುವ ಸುತ್ತೇ ಇಲ್ಲ.

ಆ ದಿನ ಅವಳು ಏನೂ ಮಾಡಲಿಲ್ಲ. ಅಕ್ಕನ ಪಕ್ಕದಲ್ಲಿ ಕೂತು ಹಳೆಯ ಮಾತುಗಳನ್ನಾಡಿದಳು. ಮಾತಿನ ಮಧ್ಯೆ ಒಂದು ಇರುವೆ ಬಂದು ಚಿತ್ರದ ಮೇಲೆ ಹತ್ತಿತು. ಹುಲಿಗೆವ್ವ ಅದನ್ನು ತೆಗೆಯಲು ಸೂಜಿಯ ಮೊನೆ ಚಾಚಿದಳು. ಮೊನೆ ತೊಗಲಿಗೆ ತಾಗಿದ್ದೇ ತಡ, ಚಿತ್ರದೊಳಗಿಂದ ಕಿಲಕಿಲ ನಗು ಕೇಳಿತು.

"ಅವನಿಗೆ ಕಚಗುಳಿ," ಎಂದಳು ಪಂಪವ್ವ.

"ಅಕ್ಕ, ನಿನಗೆ ಗೊತ್ತಾಯ್ತಾ, ನಾನು ಮುಟ್ಟಿದ್ದು?"

"ಇಲ್ಲ."

ಹುಲಿಗೆವ್ವ ಸೂಜಿಯನ್ನು ಒಂದು ಭತ್ತದ ಕಾಳಿನಷ್ಟು ಈಚೆಗೆ ಸರಿಸಿ ಮುಟ್ಟಿದಳು.

"ಈಗ ಗೊತ್ತಾಯ್ತು," ಎಂದಳು ಪಂಪವ್ವ. ಮಗು ನಗಲಿಲ್ಲ.

ಹುಲಿಗೆವ್ವ ಎದ್ದು ನಿಂತು ಸೆರಗು ಬಿಗಿದಳು. "ಅಪ್ಪ, ಕೊಯ್ಯೋದೂ ಬೇಡ, ಅಂಟಿಸೋದೂ ಬೇಡ. ಚುಕ್ಕೆ ಚುಕ್ಕೆಯಾಗಿ ಕೇಳ್ತಾ ಹೋಗೋಣ. ಯಾವ ಚುಕ್ಕೆ ಯಾರದ್ದೋ ಅವರ ಎಲುಬಿಗೇ ಅದನ್ನ ಕಟ್ಟೋಣ."

"ಎಷ್ಟು ಚುಕ್ಕೆ ಆಗಬಹುದು?"

"ಸಾವಿರ."

"ಹಾಗಾದರೆ ದಾರ ತೆಳ್ಳಗೆ ಬೇಕು," ಎಂದು ಬೊಮ್ಮಪ್ಪ ನಾರು ಎಳೆಯಲು ಕೂತ.

ಮೊದಲು ತಾಯಿಗೊಂದು ಗುಂಪು, ಮಗುವಿಗೊಂದು ಗುಂಪು ಎಲುಬುಗಳನ್ನು ಬೇರೆ ಬೇರೆಯಾಗಿ ಮಾಡಿ, ತೊಗಲಿನ ಹಿಂದೆ ಸಡಿಲವಾಗಿ ಇಟ್ಟರು. ಆಮೇಲೆ ಶುರುವಾಯಿತು. ಹುಲಿಗೆವ್ವ ಸೂಜಿ ತಾಗಿಸುವಳು. ಪಂಪವ್ವ "ನಂದು" ಎಂದರೆ ತಾಯಿಯ ಎಲುಬಿಗೆ ಒಂದು ಎಳೆ. ಮಗು ಕಿಲಕ್ಕೆಂದರೆ ಮಗುವಿನ ಎಲುಬಿಗೆ ಒಂದು ಎಳೆ. ಮಗು ನಿದ್ದೆ ಹೋದರೆ ಕೆಲಸ ನಿಲ್ಲುತ್ತಿತ್ತು. ಎದ್ದ ಮೇಲೆ ಮತ್ತೆ. ಅವನು ನಕ್ಕು ನಕ್ಕು ಸಾಕಾಗಿ ಅಳತೊಡಗಿದರೆ ಬೊಮ್ಮಪ್ಪ ನಾಲಿಗೆಯಲ್ಲಿ ಟೊಕ್ ಟೊಕ್ ಎಂದು ಕುದುರೆಯ ಸದ್ದು ಮಾಡುತ್ತಿದ್ದ. ಮುದ್ದನಾಯಕ ಬಾಗಿಲಲ್ಲಿ ನಿಂತು ಎಣಿಸುತ್ತಿದ್ದ. ಹಾವು ನೆರಳಾಗಲೆಂದು ಅವರ ಸುತ್ತ ಹೆಡೆ ಎತ್ತಿ ನಿಂತಿತ್ತು.

ಹೀಗೆ ಐದು ದಿನ ನಡೆಯಿತು. ಸುರುಳಿಸಿದ್ಧ ಮರದಡಿ ಕೂತು ನೋಡುತ್ತಿದ್ದ. ಮಗು ನಕ್ಕಾಗೆಲ್ಲ ಅವನು ಕಿವಿ ಮುಚ್ಚಿಕೊಳ್ಳುತ್ತಿದ್ದ. ನಾಲ್ಕನೆಯ ದಿನ ಒಂದು ಕಿವಿ ಮಾತ್ರ ಮುಚ್ಚಿಕೊಂಡಿದ್ದ.

ಐದನೆಯ ದಿನ ಒಂದೇ ಒಂದು ಚುಕ್ಕೆ ಉಳಿಯಿತು. ಗುಂಡನ ಮುಷ್ಟಿ ಪಂಪವ್ವನ ಸೆರಗನ್ನು ಹಿಡಿದಿದ್ದ ಜಾಗ, ಅವಳ ಹೆಗಲಿನ ಹತ್ತಿರ. ಹುಲಿಗೆವ್ವ ಸೂಜಿ ತಾಗಿಸಿದಳು. "ನಂದು," ಎಂದಳು ಪಂಪವ್ವ. ಅದೇ ಗಳಿಗೆಯಲ್ಲಿ ಮಗು ಕಿಲಕ್ಕೆಂದಿತು.

ಮತ್ತೆ ತಾಗಿಸಿದಳು. ಮತ್ತೆ ಇಬ್ಬರೂ.

"ಇದು ಇಬ್ಬರದ್ದೂ ಅಪ್ಪ," ಎಂದಳು. ಅವಳ ದನಿ ಇಳಿದುಹೋಗಿತ್ತು. "ಅಕ್ಕನಿಗೆ ಕಟ್ಟಿದರೆ ಅವನ ಮುಷ್ಟಿ ಎಂದಿಗೂ ಬಿಡಿಸಿಕೊಳ್ಳಲ್ಲ. ಅವನಿಗೆ ಕಟ್ಟಿದರೆ ಅವನು ಕೈ ಎಳೆದಾಗ ಅಕ್ಕನ ಹೆಗಲು ಹರೀತದೆ. ಏನು ಮಾಡಲಿ?"

ಒಂದು ತುಂಡಿಗೆ ಒಂದೇ ಎಲುಬು ಎಂದು ಅರವತ್ತು ವರ್ಷ ಹೇಳಿಕೊಂಡು ಬಂದ ಬೊಮ್ಮಪ್ಪ ಕೈ ಚಾಚಿ, ಆ ಚುಕ್ಕೆಯನ್ನು ಹುಡುಕಿ, ಅದರ ಮೇಲೆ ಬೆರಳಿಟ್ಟ. ಹಿರಿಮಗಳು ಇಷ್ಟೆತ್ತರ ಇದ್ದಾಗ ತನ್ನ ಪಂಚೆಯ ಅಂಚನ್ನು ಹೀಗೇ ಹಿಡಿದು ನಡೆಯುತ್ತಿದ್ದದ್ದು ಅವನಿಗೆ ನೆನಪಾಗಿರಬೇಕು.

"ಎರಡಕ್ಕೂ ಕಟ್ಟು," ಎಂದ. "ಅರ್ಧ ಅವಳಿಗೆ, ಅರ್ಧ ಅವನಿಗೆ. ಬಿಗೀಬೇಡ. ಆ ಗಂಟು ನಾನು ಹಾಕ್ತೀನಿ, ಕೊಡು."

ಅವನೇ ಹಾಕಿದ.

ಪಂಪವ್ವ ಎದ್ದಳು. ಒಂದು ಹೆಜ್ಜೆ ಇಟ್ಟಳು, ಇನ್ನೊಂದು ಇಟ್ಟಳು. ಸಾವಿರ ಎಳೆಗಳು ಬೆನ್ನ ಹಿಂದೆ ಸಣ್ಣಗೆ ಸರಿದಾಡಿದವು. ಒಂದೂ ತೊಡರಲಿಲ್ಲ. ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಹೊಸ್ತಿಲು ದಾಟಿದಳು, ತಿರುಗಿ ಬಂದು ಅಂಗಳದಲ್ಲಿ ನಿಂತಳು. ಎಲ್ಲಿಯೂ ಹರಿದಿರಲಿಲ್ಲ.

"ಮೂರು," ಎಂದಳು ಹುಲಿಗೆವ್ವ.

"ಇಲ್ಲ," ಎಂದ ಸುರುಳಿಸಿದ್ಧ. "ತಾಯಿ ತಾನಾಗಿ ಬಂದಳು. ಮಗುವನ್ನು ಅವಳು ಹೊತ್ತು ತಂದಳು. ತಾನಾಗಿ ಏಳಬೇಕು ಅಂತ ನಾನು ಹೇಳಿದ್ದು. ಮಗು ಎಲ್ಲಿ ಎದ್ದಿತು?"

ಅಂಗಳ ಸುಮ್ಮನಾಯಿತು. ಎಂಟು ತಿಂಗಳ ಕೂಸಿಗೆ ಏಳು ಎಂದರೆ ತಿಳಿಯುತ್ತದೆಯೇ? ಹುಲಿಗೆವ್ವ ಕರೆದಳು, ಚಪ್ಪಾಳೆ ತಟ್ಟಿದಳು. ಗುಂಡ ತಾಯಿಯ ಹೆಗಲಿಗೆ ಒತ್ತಿಕೊಂಡೇ ಇದ್ದ. ಸುರುಳಿಸಿದ್ಧ ಬೆತ್ತವನ್ನು ಮೆಲ್ಲಗೆ ಎತ್ತಿಕೊಂಡ.

ಬೊಮ್ಮಪ್ಪನಿಗೆ ಇದ್ಯಾವುದೂ ಕಾಣಲಿಲ್ಲ. ಎಲ್ಲರೂ ಯಾಕೆ ಮೌನವಾದರು ಎಂದು ಗಾಬರಿಯಾಗಿ, ಕೈ ಮುಂದೆ ಚಾಚಿ ತಡವುತ್ತಾ ಬಂದು, "ಎಲ್ಲಿದಾನೆ ನನ್ನ ಮೊಮ್ಮಗ? ಅಳ್ತಿದಾನಾ?" ಎಂದು ನಾಲಿಗೆಯಲ್ಲಿ ಟೊಕ್ ಟೊಕ್ ಎಂದ.

ಗುಂಡ ತಲೆ ತಿರುಗಿಸಿದ. ತಾಯಿ ತಿರುಗಲಿಲ್ಲ, ಅವನೊಬ್ಬನೇ ತಿರುಗಿದ. ಸೆರಗು ಹಿಡಿದಿದ್ದ ಮುಷ್ಟಿಯನ್ನು ಒಂದೊಂದೇ ಬೆರಳಾಗಿ ಬಿಚ್ಚಿದ. ಎರಡೂ ಕೈ ಚಾಚಿ, ಸೊಂಟದಿಂದ ಮುಂದಕ್ಕೆ ಜೋತುಬಿದ್ದು, ಅಜ್ಜನ ಮೀಸೆಯನ್ನು ಹಿಡಿದುಕೊಂಡ.

"ಅಯ್ಯೋ, ಎಳೀಬೇಡವೋ!" ಎಂದ ಬೊಮ್ಮಪ್ಪ. ಹೇಳುತ್ತಿದ್ದಂತೆಯೇ ಅವನ ಕೆನ್ನೆಗೆ ತಾಗಿದ್ದ ತೆಳ್ಳಗಿನ ಬೆರಳುಗಳು ಬೆಚ್ಚಗಾದವು, ಮೆತ್ತಗಾದವು, ತುಂಬಿಕೊಂಡವು. ಕೈತುಂಬ ಭಾರವಾದ ಒಂದು ಕೂಸು ಅವನ ತೋಳಿನಲ್ಲಿತ್ತು.

ಯಾರೂ ಎತ್ತದೆ ಮಗು ತಾನಾಗಿ ಎದ್ದು ಬಂದಿತ್ತು, ಆಣೆ ನೆರವೇರಿತ್ತು. ಐದು ಸುರುಳಿಗಳೂ ತಾವೇ ಬಿಚ್ಚಿಕೊಂಡವು. ಅರಸ ಎದ್ದ, ಹಾಲಿನ ಹೆಂಗಸು ಎದ್ದಳು, ಎಮ್ಮೆ ಎದ್ದು ಮೈಕೊಡವಿತು. ಎಲ್ಲರ ಮೈಗೂ ದಪ್ಪ ಬಂತು. ಕರಗಿದ್ದ ಎಲುಬುಗಳು ತಮ್ಮ ತಮ್ಮ ಜಾಗ ಹುಡುಕಿಕೊಂಡು ಬಂದವು. ಬಿದಿರ ಸೀಳುಗಳು, ದಾರಗಳು ನೆಲದ ಮೇಲೆ ಉದುರಿದವು. ಬೇರೆ ನಾಲ್ಕು ರಾಜ್ಯಗಳ ಜನರೂ ಅದೇ ಅಂಗಳದಲ್ಲಿ ಎದ್ದುಬಿಟ್ಟಿದ್ದರಿಂದ ನೂಕುನುಗ್ಗಲೋ ನೂಕುನುಗ್ಗಲು. ನಾಲ್ವರು ಅರಸರು ಒಬ್ಬರ ಕಾಲನ್ನೊಬ್ಬರು ತುಳಿದುಕೊಂಡು, ಇದು ಯಾವ ಊರು ಎಂದು ಕೇಳುತ್ತಿದ್ದರು. ಅವರೆಲ್ಲ ತಮ್ಮ ತಮ್ಮ ದಾರಿ ಹಿಡಿದು ಹೋಗುವುದಕ್ಕೆ ಒಂದು ತಿಂಗಳು ಬೇಕಾಯಿತು. ಅಷ್ಟು ದಿನವೂ ಹೊಂಬಾಳೆಯ ಒಂದು ಮನೆಯಲ್ಲೂ ಒಲೆ ಆರಲಿಲ್ಲ.

ಸುರುಳಿಸಿದ್ಧ ಮರದ ಬುಡದಲ್ಲಿ ಕೂತಿದ್ದ. ಸುರುಳಿಗಳು ಹೋದ ಮೇಲೆ ಬೆತ್ತ ಬರಿಯ ಬೆತ್ತವಾಗಿತ್ತು, ಅವನು ಬರಿಯ ಮುದುಕನಾಗಿದ್ದ. "ಎಷ್ಟು ಗದ್ದಲ," ಎನ್ನುತ್ತಿದ್ದ. ಮುದ್ದನಾಯಕ ಅವನನ್ನು ಕೋಟೆಯ ಮೇಲಿನಿಂದ ಎಸೆಯಬೇಕೆಂದ. ಅರಸ ಹುಲಿಗೆವ್ವನ ಮುಖ ನೋಡಿದ.

"ಬೇಡ ಮಹಾಸ್ವಾಮಿ," ಎಂದಳು ಅವಳು. "ಜನ ಇಲ್ಲದ ಕಡೆ ಬಿಟ್ಟುಬಿಡಿ. ಅವನಿಗೆ ಬೇಕಾದ್ದೂ ಅದೇ."

ಆಗ ಹಾವು ಮುಂದೆ ಬಂತು. ತನ್ನ ಹೊಳೆ ಏಳನೆಯದು, ಅದರ ಆಚೆ ದಡದಲ್ಲಿ ಕಲ್ಲು ಬಿಟ್ಟರೆ ಬೇರೇನೂ ಇಲ್ಲ ಎಂದಿತು. ಮುದುಕನನ್ನು ಬೆನ್ನ ಮೇಲೆ ಕೂರಿಸಿಕೊಂಡು, ಒಂದೊಂದೇ ಹೊಳೆ ದಾಟಿ, ಅವನನ್ನು ಆ ದಡದಲ್ಲಿ ಇಳಿಸಿ, ತಾನು ನೀರಿಗಿಳಿಯಿತು. ಅಲ್ಲಿಂದ ಯಾರೂ ಅವನ ಸುದ್ದಿ ತರಲಿಲ್ಲ.

ಅರಸ ಹುಲಿಗೆವ್ವನಿಗೆ ಬೇಕಾದ್ದು ಕೇಳು ಎಂದ. ಅವಳು ಗೊಂಬೆಯಾಟಕ್ಕೆ ಕೋಟೆಯೊಳಗೆ ಒಂದು ಮಂಟಪ ಕೇಳಿದಳು, ಅರಸ ಕಟ್ಟಿಸಿಕೊಟ್ಟ. ಮೊದಲ ಆಟದ ದಿನ ಗುಂಡ ಇಡೀ ಹೊತ್ತು ಅತ್ತ. ಪರದೆಯ ಹಿಂದೆ ಹೋಗಿ ಗೊಂಬೆಗಳನ್ನು ಹಿಡಿಯಬೇಕು ಎಂದು ಅವನ ಹಟ.

ಕೆಲವು ದಿನಗಳಾದ ಮೇಲೆ ಒಂದು ಬೆಳಿಗ್ಗೆ ಬೊಮ್ಮಪ್ಪ ಹೊಸ ತೊಗಲು ಹಾಸಿಕೊಂಡು ಕೂತಿದ್ದ. ಮಗಳು ಅದರ ಮೇಲೆ ಕಾಡುಹಂದಿ ಬರೆದು ಬಣ್ಣ ತುಂಬಿದ್ದಳು. ಅವನು ಅಂಚನ್ನು ತಡವಿದ, ಉಳಿಯನ್ನು ಕೈಗೆ ತೆಗೆದುಕೊಂಡ, ಮತ್ತೆ ಕೆಳಗಿಟ್ಟ.

"ಹುಲಿಗೀ, ಇದನ್ನ ಕೊಯ್ಯೋದಾ, ಬೇಡ್ವಾ?" ಎಂದು ಕೇಳಿದ.

ಜೀವಮಾನದಲ್ಲಿ ಅವನು ಹಾಗೆ ಕೇಳಿದ್ದು ಅದೇ ಮೊದಲು. ಹುಲಿಗೆವ್ವ ಕುಂಚ ಬದಿಗಿಟ್ಟು ಬಂದು ಅಪ್ಪನ ಪಕ್ಕದಲ್ಲಿ ಕೂತಳು.

"ತಡಿಯಪ್ಪ," ಎಂದಳು. "ಹಂದಿ ಹೇಗೆ ಓಡ್ತದೆ ಅಂತ ನೀನು ನೋಡಿದೀಯಲ್ಲ, ಕಣ್ಣು ಚೆನ್ನಾಗಿದ್ದಾಗ. ಮೊದಲು ಅದನ್ನ ಹೇಳು."

ಬೊಮ್ಮಪ್ಪ ಹೇಳತೊಡಗಿದ, ಎರಡೂ ಕೈಯಲ್ಲಿ ಹಂದಿಯ ಬೆನ್ನನ್ನು ಗಾಳಿಯಲ್ಲಿ ತೋರಿಸುತ್ತಾ. ಹೊರಗೆ ಬೀದಿಯಲ್ಲಿ ಎಮ್ಮೆ ಕೂಗಿತು, ಹಾಲಿನ ಹೆಂಗಸು ಯಾರಿಗೋ ಬೈದಳು, ನಾಯಿ ಬೊಗಳಿತು. ಹೊಂಬಾಳೆಯ ಜನ ಹೀಗೆ ಮೈತುಂಬಿಕೊಂಡು, ಗದ್ದಲ ಮಾಡಿಕೊಂಡು, ಬಹುಕಾಲ ಸುಖವಾಗಿದ್ದರು.